ಇಟ್ಟಿಗೆಯ ಲೆಕ್ಕ ಬದಲಿಸಿದ ಲಾರಿ ಬೇಕರ್

ಮನೆ ಕಟ್ಟಲು ಹೊರಟವರ ಮೊದಲ ಲೆಕ್ಕಾಚಾರ ಸಿಮೆಂಟು ಮತ್ತು ಕಬ್ಬಿಣದ್ದು. ಈ ಲೆಕ್ಕವನ್ನೇ ಪ್ರಶ್ನಿಸಿ, ಪ್ರತಿಯೊಂದು ಸಾಮಗ್ರಿಯೂ ನಿಜವಾಗಿ ಬೇಕೇ ಎಂದು ಜೀವನದುದ್ದಕ್ಕೂ ಕೇಳುತ್ತಾ ಬಂದವರು ವಾಸ್ತುಶಿಲ್ಪಿ ಲಾರಿ ಬೇಕರ್.

1917ರ ಮಾರ್ಚ್ 2ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಜನಿಸಿದ ಬೇಕರ್, ಅಲ್ಲಿಯೇ ವಾಸ್ತುಶಿಲ್ಪ ಕಲಿತರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಂದೂಕು ಹಿಡಿಯದೆ ಚೀನಾದಲ್ಲಿ ರೋಗಿಗಳ ಸೇವೆಗೆ ತೆರಳಿದರು. ಸ್ವದೇಶಕ್ಕೆ ಮರಳುವಾಗ ಹಡಗಿಗಾಗಿ ಮುಂಬಯಿಯಲ್ಲಿ ಕಾಯಬೇಕಾಯಿತು. ಆಗ ಮಹಾತ್ಮ ಗಾಂಧೀಜಿಯವರ ಭೇಟಿಯಾಯಿತು. ಮನೆಯ ಸಾಮಗ್ರಿಯೆಲ್ಲ ಐದು ಮೈಲಿಯೊಳಗೆ ದೊರೆಯುವಂತಿರಬೇಕು ಎಂಬ ಗಾಂಧೀಜಿಯವರ ವಿಚಾರ ಅವರ ಬದುಕಿನ ದಿಕ್ಕನ್ನೇ ಬದಲಿಸಿತು.

1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆ ಕಟ್ಟಡಗಳ ಕೆಲಸಕ್ಕಾಗಿ ಭಾರತಕ್ಕೆ ಮರಳಿದರು. 1948ರಲ್ಲಿ ವೈದ್ಯೆ ಎಲಿಜಬೆತ್ ಜೇಕಬ್ ಅವರನ್ನು ವಿವಾಹವಾಗಿ ಹಿಮಾಲಯದ ಪಿಥೋರಾಗಢದಲ್ಲಿ ನೆಲೆಸಿದರು. ಕಾಲೇಜಿನಲ್ಲಿ ಕಲಿತ ವಿದ್ಯೆ ಅಲ್ಲಿ ಹೆಚ್ಚು ಉಪಯೋಗಕ್ಕೆ ಬರಲಿಲ್ಲ. ಕಲ್ಲು, ಮಣ್ಣು, ಮರಗಳಿಂದ ಹಳ್ಳಿಗರು ಕಟ್ಟಿಕೊಂಡಿದ್ದ ಮನೆಗಳೇ ಅವರಿಗೆ ಪಾಠಶಾಲೆಯಾದವು.

1963ರಲ್ಲಿ ಕೇರಳಕ್ಕೆ ಬಂದ ಬೇಕರ್, ಮುಂದೆ ತಿರುವನಂತಪುರದಲ್ಲಿ ನೆಲೆ ನಿಂತರು. ಅಲ್ಲಿ ಕಲ್ಲಿನ ಸ್ಥಾನವನ್ನು ಇಟ್ಟಿಗೆ ಪಡೆಯಿತು. ಇಟ್ಟಿಗೆಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕಟ್ಟುವ ರ‍್ಯಾಟ್‌ಟ್ರ್ಯಾಪ್ ಬಾಂಡ್ ವಿಧಾನವನ್ನು ಅವರು ಜನಪ್ರಿಯಗೊಳಿಸಿದರು. ಇದರಿಂದ ಗೋಡೆಯ ನಡುವೆ ಪೊಳ್ಳು ಉಳಿದು, ಒಂಬತ್ತು ಅಂಗುಲದ ಗೋಡೆಗೆ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ. ಒಳಗಿನ ಗಾಳಿ ಬಿಸಿಲಿನ ತಾಪವನ್ನೂ ತಡೆಯುತ್ತದೆ.

ತಾರಸಿಯಲ್ಲಿಯೂ ಇದೇ ವಿವೇಕ. ತಾರಸಿಯ ಕೆಳಭಾಗದಲ್ಲಿ ಎಳೆತವನ್ನು ತಾಳುವುದು ಕಬ್ಬಿಣ. ಅಲ್ಲಿನ ಕಾಂಕ್ರೀಟಿಗೆ ಹೆಚ್ಚಿನ ಕೆಲಸವಿಲ್ಲ. ಆದ್ದರಿಂದ ಸರಳುಗಳ ನಡುವೆ ಹಳೆಯ ಮಂಗಳೂರು ಹೆಂಚುಗಳನ್ನಿಟ್ಟು ಕಾಂಕ್ರೀಟು ಉಳಿಸಿದರು. ಕರಾವಳಿಯ ಹೆಂಚಿಗೆ ಹೀಗೊಂದು ಹೊಸ ಉಪಯೋಗ ದೊರೆಯಿತು. ಕಿಟಕಿಯ ಬದಲು ಇಟ್ಟಿಗೆಯ ಜಾಲರಿ ಇಟ್ಟು ಮರವನ್ನೂ ಗಾಜನ್ನೂ ಉಳಿಸಿದರು. ಗೋಡೆಗೆ ಗಿಲಾವು ಬಿಟ್ಟರು. ಮಳೆಯಿಂದ ರಕ್ಷಿಸಲು ಸೂರನ್ನು ಮುಂದಕ್ಕೆ ಚಾಚಿದರು.

ಗಿಲಾವಿಲ್ಲದ ಗೋಡೆ ಬಡವರ ಗುರುತು, ಇಂಥ ಕಟ್ಟಡ ಬಾಳಿಕೆ ಬಾರದು ಎಂಬ ಅನುಮಾನಗಳು ಎದುರಾದವು. ಇದಕ್ಕೆ ಬೇಕರ್ ಕಟ್ಟಡಗಳ ಮೂಲಕವೇ ಉತ್ತರಿಸಿದರು. ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರ ಆಹ್ವಾನದ ಮೇರೆಗೆ 1970ರ ದಶಕದಲ್ಲಿ ಅವರು ನಿರ್ಮಿಸಿದ ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರ ಇದಕ್ಕೆ ನಿದರ್ಶನ. ಅಲ್ಲಿ ಗುಡ್ಡದ ಇಳಿಜಾರಿಗೆ ಹೊಂದಿಕೊಂಡು ಕಟ್ಟಡಗಳು ಎದ್ದುನಿಂತವು. ಈ ವಿಧಾನಗಳನ್ನು ಜನಸಾಮಾನ್ಯರಿಗೆ ತಲುಪಿಸಲು 1985ರಲ್ಲಿ ಕಾಸ್ಟ್‌ಫೋರ್ಡ್ ಸಂಸ್ಥೆ ಸ್ಥಾಪನೆಯಾಯಿತು.

ಆದರೆ ಅಗ್ಗದ ಸಾಮಗ್ರಿ ತಂದ ಮಾತ್ರಕ್ಕೆ ಬೇಕರ್ ಮನೆ ಆಗದು. ಒಪ್ಪವಾದ ಇಟ್ಟಿಗೆ, ನುರಿತ ಗಾರೆಯವರ ಕೈ, ಸ್ಥಳದಲ್ಲಿ ನಿಂತು ನೋಡುವ ಕಣ್ಣು ಮೂರೂ ಬೇಕು. ಸಿಮೆಂಟನ್ನು ಅವರು ಪೂರ್ಣವಾಗಿ ತ್ಯಜಿಸಲಿಲ್ಲ. ಅನಗತ್ಯವಾದಷ್ಟನ್ನು ಮಾತ್ರ ಬಿಟ್ಟರು.

ಭಾರತೀಯ ಪೌರತ್ವ ಪಡೆದ ಬೇಕರ್ ಅವರಿಗೆ 1990ರಲ್ಲಿ ಪದ್ಮಶ್ರೀ ಸಂದಿತು. 2007ರ ಏಪ್ರಿಲ್ 1ರಂದು ತಿರುವನಂತಪುರದಲ್ಲಿ ನಿಧನರಾದಾಗ ಅವರಿಗೆ 90 ವರ್ಷ. ಗುಡ್ಡನಾಡಿನಲ್ಲಿ ಕಲ್ಲನ್ನೂ ಕೇರಳದಲ್ಲಿ ಇಟ್ಟಿಗೆಯನ್ನೂ ಆರಿಸಿಕೊಂಡ ಅವರ ಬದುಕು ಒಂದು ಸಿದ್ಧ ಸೂತ್ರವನ್ನು ಬಿಟ್ಟುಹೋಗಲಿಲ್ಲ. ಮನೆಯ ನಕ್ಷೆ ಬರೆಸುವ ಮೊದಲು ನಮ್ಮ ನೆಲ, ಮಳೆ, ಬಿಸಿಲುಗಳನ್ನು ವಿಚಾರಿಸುವ ಕ್ರಮವನ್ನು ಬಿಟ್ಟುಹೋಯಿತು.