ಪಂಡಿತಾ ರಮಾಬಾಯಿ: ಮಗಳ ನಂತರ ಯಾರು?

ಡೊಂಬಿವಲಿಯ ನಮ್ಮ ಮಹಿಳಾ ವಿಭಾಗದಲ್ಲಿ ಹೊಸ ಕಾರ್ಯಾಧ್ಯಕ್ಷೆಯ ಮಾತು ಬಂದಾಗಲೆಲ್ಲ ಎಲ್ಲರೂ ನನ್ನನ್ನು ನೋಡುತ್ತಾರೆ. ನಾನು ನನ್ನ ಸೊಸೆಯನ್ನು ನೋಡುತ್ತೇನೆ. ಆಗ ನೆನಪಾಗುವವರು ಪಂಡಿತಾ ರಮಾಬಾಯಿ.

ಕಾರ್ಕಳದ ಬಳಿಯ ಮಾಳದ ಅನಂತ ಶಾಸ್ತ್ರಿ ಡೋಂಗ್ರೆಯವರ ಮಗಳು. ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಅಂದರೆ ನಮ್ಮ ಊರ ಕಡೆಯವರೇ! ಬರಗಾಲದಲ್ಲಿ ತಂದೆ ತಾಯಿಯನ್ನೂ, ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡನನ್ನೂ ಕಳೆದುಕೊಂಡರು. ಉಳಿದದ್ದು ಕೈಗೂಸು ಮನೋರಮಾ. 1889ರಲ್ಲಿ ಮುಂಬಯಿಯ ಚೌಪಾಟಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಅದು ಪುಣೆಗೆ ಹೋಗಿ, ಮುಂದೆ ಕೆಡಗಾಂವ್‌ನಲ್ಲಿ 'ಮುಕ್ತಿ'ಯಾಗಿ ಬೆಳೆಯಿತು.

ಮನೋರಮಾ ಓದಿ ಬಂದು ತಾಯಿಗೆ ಬಲಗೈಯಾದರು, ಕಲಬುರಗಿಯ ಶಾಲೆಯನ್ನೂ ನೋಡಿಕೊಂಡರು. ಉತ್ತರಾಧಿಕಾರಿ ಸಿದ್ಧಳಿದ್ದಳು ಎನ್ನುವಾಗಲೇ, 1921ರ ಜುಲೈಯಲ್ಲಿ, ನಲವತ್ತರ ವಯಸ್ಸಿನಲ್ಲಿ ತೀರಿಕೊಂಡರು. ಒಂಬತ್ತು ತಿಂಗಳೂ ತುಂಬಲಿಲ್ಲ, 1922ರ ಏಪ್ರಿಲ್‌ನಲ್ಲಿ ರಮಾಬಾಯಿಯೂ ಹೊರಟುಹೋದರು.

ಸಂಸ್ಥೆ ಮಾತ್ರ ಮುಚ್ಚಲಿಲ್ಲ, ಇಂದಿಗೂ ನಡೆಯುತ್ತಿದೆ. ಅಲ್ಲಿನ ಮುದ್ರಣಾಲಯ, ಹೊಲ, ಮಗ್ಗ, ಶಾಲೆ ಎಲ್ಲದರಲ್ಲೂ ಆಶ್ರಯಕ್ಕೆ ಬಂದ ಹೆಂಗಸರೇ ಕೆಲಸ ಕಲಿತಿದ್ದರು. ಅದೇ ಕಾರಣವೆಂದು ನನಗನ್ನಿಸುತ್ತದೆ.

ನಮ್ಮಲ್ಲೋ ಲೆಕ್ಕದ ಪುಸ್ತಕ, ಚೆಕ್ಕಿನ ಸಹಿ, ಸಭಾಂಗಣದವರ ಫೋನ್ ನಂಬರು ಎಲ್ಲವೂ ನನ್ನೊಬ್ಬಳ ಬಳಿಯೇ! ಸೊಸೆಗೆ ಮನಸ್ಸಿದೆಯೇ ಎಂದು ಒಮ್ಮೆಯೂ ಕೇಳಿರಲಿಲ್ಲ. ಕೇಳಿದೆ; ಇಲ್ಲವಂತೆ. ಈ ಸಲದ ಅರಿಶಿನ ಕುಂಕುಮವನ್ನು ಕಲ್ಯಾಣ, ಠಾಣೆಯ ಇಬ್ಬರು ಗೆಳತಿಯರಿಗೆ ಪೂರ್ತಿ ಬಿಟ್ಟುಕೊಟ್ಟೆ. ಖರ್ಚು ತುಸು ಹೆಚ್ಚಾಯಿತು. ಸುಮ್ಮನಿದ್ದೆ.