ಗಾಳಿ ಅಳೆದ ಅನ್ನಾ ಮಣಿ

ನಮ್ಮಪ್ಪ ಸೇವಂತಿಗೆ ಹೂವನ್ನು ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಗೆ ಹಾಕುತ್ತಾರೆ. ರಜೆಯಲ್ಲಿ ನಾನೂ ಹೋಗಿದ್ದೆ. ಮೂಟೆ ಇಡುವ ಮುಂಚೆ ಅಪ್ಪ ತಕ್ಕಡಿ ಸೊನ್ನೆಗೆ ನಿಂತಿದೆಯಾ ಅಂತ ನೋಡುತ್ತಾರೆ. ತಕ್ಕಡಿ ತಪ್ಪಿದರೆ ನಮ್ಮ ದುಡಿಮೆಯೇ ತಪ್ಪಿದ ಹಾಗೆ. ಗಾಳಿ, ಬಿಸಿಲು, ಸಮುದ್ರದ ಪ್ರವಾಹ ಇವಕ್ಕೂ ಸರಿಯಾದ ಅಳತೆ ಬೇಕು. ನಮ್ಮ ದೇಶದಲ್ಲಿ ಗಾಳಿ ಬಿಸಿಲುಗಳ ಅಳತೆಯನ್ನು ಸರಿ ಮಾಡಿದವರು ಅನ್ನಾ ಮಣಿ.

ಇವರು 1918ರ ಆಗಸ್ಟ್ 23ರಂದು ಈಗಿನ ಕೇರಳದ ಪೀರುಮೇಡಿನಲ್ಲಿ ಹುಟ್ಟಿದರು. ಎಂಟು ಮಕ್ಕಳಲ್ಲಿ ಏಳನೆಯವರು. ಎಂಟನೇ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಲು ಬಂದರೆ, ಬೇಡ ಅಂದು ವಿಶ್ವಕೋಶ ಕೇಳಿದರಂತೆ!

ಮದ್ರಾಸಿನಲ್ಲಿ ಬಿ.ಎಸ್ಸಿ. ಆನರ್ಸ್ ಓದಿ, 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಸರ್ ಸಿ.ವಿ. ರಾಮನ್ ಅವರೇ ಗುರುಗಳು. ವಜ್ರ, ಮಾಣಿಕ್ಯಗಳಿಂದ ಬರುವ ಬೆಳಕನ್ನು ಪರೀಕ್ಷಿಸುವ ಕೆಲಸ. ಒಂದೊಂದು ಚಿತ್ರಕ್ಕೆ 15-20 ಗಂಟೆ ಬೇಕಿತ್ತು. ರಾತ್ರಿ ಪ್ರಯೋಗಾಲಯದಲ್ಲೇ ಮಲಗುತ್ತಿದ್ದರು. ಓಲೆ ಬೇಡ ಅಂದವರು ವಜ್ರದ ಮುಂದೆಯೇ ವರ್ಷಗಟ್ಟಲೆ ಕುಳಿತರು. 1945ರಲ್ಲಿ ಪ್ರಬಂಧ ಒಪ್ಪಿಸಿದರು. ಆದರೆ ಎಂ.ಎಸ್ಸಿ. ಆಗಿಲ್ಲ ಅಂತ ಮದ್ರಾಸ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡಲಿಲ್ಲ. ಇದನ್ನು ಓದಿ ನನಗೆ ಬಹಳ ಬೇಜಾರಾಯಿತು.

ಅವರು ಅಳುತ್ತಾ ಕೂರಲಿಲ್ಲ. ಭೌತಶಾಸ್ತ್ರ ಓದಬೇಕು ಅಂತ ಇಂಗ್ಲೆಂಡಿಗೆ ಹೋದರು. ಅಲ್ಲಿ ಸಿಕ್ಕಿದ್ದು ಹವಾಮಾನ ಉಪಕರಣಗಳ ವಿದ್ಯೆ. ಅದನ್ನೇ ಮನಸ್ಸಿಟ್ಟು ಕಲಿತರು. 1948ರಲ್ಲಿ ಬಂದು ಪುಣೆಯಲ್ಲಿ ಹವಾಮಾನ ಇಲಾಖೆ ಸೇರಿದರು. ಆಗ ಉಪಕರಣಗಳು ಹೆಚ್ಚಾಗಿ ಹೊರದೇಶದಿಂದಲೇ ಬರಬೇಕಿತ್ತು. ಇವರು ಸುಮಾರು 100 ಉಪಕರಣಗಳ ನಕ್ಷೆ ಸಿದ್ಧಮಾಡಿಸಿ ಇಲ್ಲೇ ತಯಾರಾಗುವ ಹಾಗೆ ಮಾಡಿದರು. ತಪ್ಪು ಅಳತೆಗಿಂತ ಅಳೆಯದೆ ಇರುವುದೇ ವಾಸಿ ಅನ್ನೋದು ಅವರ ನಂಬಿಕೆ.

ಗಾಳಿ ಅಳೆಯುವ ಉಪಕರಣದಲ್ಲಿ ಸಣ್ಣ ಬಟ್ಟಲುಗಳು ಗಾಳಿಗೆ ತಿರುಗುತ್ತವೆ. ಸುತ್ತು ಎಣಿಸಿದರೆ ವೇಗ ಗೊತ್ತಾಗುತ್ತದೆ. ಸಮುದ್ರದೊಳಗೆ ಇಳಿಸುವ ಒಂದು ಬಗೆಯ ಪ್ರವಾಹ ಮಾಪಕದಲ್ಲೂ ಹೀಗೇ, ನೀರು ಚಕ್ರವನ್ನು ತಿರುಗಿಸುತ್ತದೆ. ಸಮುದ್ರದ ಮೇಲ್ನೀರನ್ನು ಹೆಚ್ಚಾಗಿ ತಳ್ಳುವುದು ಗಾಳಿಯೇ. ಆದ್ದರಿಂದ ಗಾಳಿಯ ಲೆಕ್ಕ ತಪ್ಪಿದರೆ ಪ್ರವಾಹದ ಲೆಕ್ಕವೂ ತಪ್ಪುತ್ತದೆ.

1976ರಲ್ಲಿ ನಿವೃತ್ತಿಯಾದ ಮೇಲೆ ಮತ್ತೆ ಬೆಂಗಳೂರಿಗೆ ಬಂದರು. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಗಾಳಿ, ಬಿಸಿಲು ಅಳೆಯುವ ಉಪಕರಣ ಮಾಡುವ ಕಾರ್ಖಾನೆಯನ್ನೂ ನಡೆಸಿದರು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ತೀರಿಕೊಂಡರು.

ಪದವಿ ಸಿಗದ ಅವರ ಪ್ರಬಂಧವನ್ನು ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯ ಕಾಪಾಡಿಕೊಂಡು ಬಂದಿದೆ. ಸ್ನೇಹಿತರೇ, ಕಾಗದ ಸಿಗದಿದ್ದರೂ ಕಲಿತದ್ದು ಹೋಗುವುದಿಲ್ಲ. ಇನ್ನು ಮೇಲೆ ತಕ್ಕಡಿ ನೋಡಿದಾಗಲೆಲ್ಲ ನನಗೆ ಅನ್ನಾ ಮಣಿ ನೆನಪಾಗುತ್ತಾರೆ.

– 7ನೇ ತರಗತಿ ವಿದ್ಯಾರ್ಥಿನಿ