ಔಂಧದ ಅರಸರೂ ಗೋಡೆಯಿಲ್ಲದ ಸೆರೆಮನೆಯೂ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಈ ಸೀಮೆಯ ಹಿರಿಯರೊಬ್ಬರ ಜೀವನ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಆರಿಸಿಕೊಂಡದ್ದು ಒಬ್ಬ ಮರಾಠಿ ಅರಸರ ಹೆಸರನ್ನು. ಕನ್ನಡ ಶಾಲೆಯ ಸಂಚಿಕೆಯಲ್ಲಿ ಇದೇಕೆಂದು ಕೆಲವರಿಗಾದರೂ ಅನಿಸಬಹುದು. ಔಂಧದ ರಾಜಾ ಭವಾನರಾವ ಶ್ರೀನಿವಾಸರಾವ ಪಂತ ಪ್ರತಿನಿಧಿಯವರು ನಮಗೆ ಪರಕೀಯರಲ್ಲ. ಚದುರಿ ಹೋಗಿದ್ದ ಅವರ ಪುಟ್ಟ ಸಂಸ್ಥಾನದ ಒಂದು ತುಣುಕು ವಿಜಾಪುರ ಸೀಮೆಯ ಗುಣದಾಳ. ಇನ್ನೊಂದು ತುಣುಕಾದ ಆಟಪಾಡಿ ನಮ್ಮ ಜತ್ತಕ್ಕೆ ವಾಯುವ್ಯದಲ್ಲಿದ್ದು, ಇಂದು ಎರಡೂ ತಾಲೂಕುಗಳು ಒಂದೇ ಸಾಂಗಲಿ ಜಿಲ್ಲೆಯಲ್ಲಿವೆ. ಶಾಲೆಯ ಅಂಗಳದಲ್ಲಿ ಸೂರ್ಯನಮಸ್ಕಾರ ಹಾಕಿದ ಹಳೆಯ ವಿದ್ಯಾರ್ಥಿಗಳೆಲ್ಲ, ತಿಳಿದೋ ತಿಳಿಯದೆಯೋ, ಈ ಅರಸರಿಗೆ ಋಣಿಗಳೇ. ಆದರೆ ನಾನಿಲ್ಲಿ ಹೇಳಹೊರಟಿರುವುದು ವ್ಯಾಯಾಮದ ಮಾತನ್ನಲ್ಲ; ಆಟಪಾಡಿಯ ಬಳಿ ಅವರ ಆಳ್ವಿಕೆಯಲ್ಲಿ ತಲೆಯೆತ್ತಿದ, ಗೋಡೆಯಿಲ್ಲದ ಸೆರೆಮನೆಯ ಮಾತನ್ನು.

ಭವಾನರಾವ ಅವರು ಜನಿಸಿದ್ದು 1868ರ ಅಕ್ಟೋಬರ್ 24ರಂದು. ಜನ ಅವರನ್ನು ಬಾಳಾಸಾಹೇಬ ಎಂದು ಕರೆಯುತ್ತಿದ್ದರು. ಅರಸು ಮನೆತನದ ಕಿರಿಯ ಮಗನಾದ್ದರಿಂದ ಗಾದಿ ಅವರಿಗೆ ಬರುವ ಸಂಭವವೇ ಇರಲಿಲ್ಲ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಪದವಿ ಪಡೆದು, ತಂದೆಯವರ ಕಾಲದಲ್ಲಿಯೇ ದರಬಾರಿನ ಕಾಗದಪತ್ರಗಳ ಕೆಲಸ ಮಾಡಿ ಕಾರಭಾರವನ್ನು ಬುಡದಿಂದ ಕಲಿತರು. ಆಮೇಲೆ ಪಟ್ಟವೇರಿದ ಅಣ್ಣನ ಮಗನನ್ನು ಬ್ರಿಟಿಷರು ಪದಚ್ಯುತಗೊಳಿಸಿದ್ದರಿಂದ 1909ರಲ್ಲಿ, ನಲವತ್ತೊಂದರ ವಯಸ್ಸಿನಲ್ಲಿ, ಸಂಸ್ಥಾನ ಅವರ ಕೈಗೆ ಬಂತು. ಸಂಸ್ಥಾನವೆಂದರೂ ಇದ್ದದ್ದು ಸುಮಾರು ಐನೂರು ಚದರ ಮೈಲು ನೆಲ, ಎಪ್ಪತ್ತೆರಡು ಹಳ್ಳಿಗಳು. ಅವುಗಳಲ್ಲಿ ಬಹುಪಾಲು ಮಳೆಯನ್ನೇ ನಂಬಿದ, ಮಳೆ ನಂಬಲಾರದ ನೆಲ.

ಅವರು ಸ್ವತಃ ಚಿತ್ರಕಾರರು. ರಾಮಾಯಣವನ್ನು ಚಿತ್ರಗಳಲ್ಲಿ ಬರೆದು ಪ್ರಕಟಿಸಿದರು. ಪುಣೆಯ ಭಾಂಡಾರಕರ ಸಂಸ್ಥೆ ಮಹಾಭಾರತದ ಶುದ್ಧ ಪಾಠವನ್ನು ಸಿದ್ಧಪಡಿಸಲು ಹೊರಟಾಗ ಬೆನ್ನಿಗೆ ನಿಂತು ಧನಸಹಾಯ ಮಾಡಿದರು. 1938ರಲ್ಲಿ ಔಂಧದ ಯಮಾಯಿ ದೇವಿಯ ಗುಡ್ಡದಲ್ಲಿ ತೆರೆದ ಶ್ರೀ ಭವಾನಿ ವಸ್ತುಸಂಗ್ರಹಾಲಯ ಇಂದಿಗೂ ಇದೆ. ನಾನದನ್ನು ನೋಡಿದ್ದೇನೆ. ಇಷ್ಟು ಬಡ ಸಂಸ್ಥಾನದ ಅರಸರು ಇಷ್ಟೊಂದು ಚಿತ್ರ, ಶಿಲ್ಪಗಳನ್ನು ಕೂಡಿಸಿದ್ದು ಸರಿಯೇ ಎಂಬ ಪ್ರಶ್ನೆ ಅಲ್ಲಿ ನನ್ನನ್ನು ಕಾಡದೆ ಬಿಡಲಿಲ್ಲ. ಆದರೆ ಕೈಯಿಂದ ಮಾಡಿದ ವಸ್ತುವಿನ ಬೆಲೆ ಅವರಿಗೆ ಗೊತ್ತಿತ್ತು ಎಂಬುದಕ್ಕೂ ಅದೇ ಸಾಕ್ಷಿ.

ಆ ಅರಿವಿನ ಇನ್ನೊಂದು ಫಲ ಕಿರ್ಲೋಸ್ಕರವಾಡಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿದ್ದ ತಮ್ಮ ಕಾರಖಾನೆಯ ಜಾಗವನ್ನು ಕಳೆದುಕೊಂಡು ದಿಕ್ಕುಗಾಣದೆ ನಿಂತಿದ್ದಾಗ, 1910ರಲ್ಲಿ ಕುಂಡಲದ ಬಳಿ ಮೂವತ್ತೆರಡು ಎಕರೆ ಭೂಮಿಯನ್ನೂ ಹತ್ತು ಸಾವಿರ ರೂಪಾಯಿಗಳ ಬಡ್ಡಿಯಿಲ್ಲದ ಸಾಲವನ್ನೂ ಕೊಟ್ಟವರು ಬಾಳಾಸಾಹೇಬರು. ಪಾಪಾಸುಕಳ್ಳಿ ಬೆಳೆದಿದ್ದ ಆ ಬೀಳಿನಲ್ಲಿ ಕಬ್ಬಿಣದ ನೇಗಿಲಿನ ಊರೊಂದು ಎದ್ದಿತು. ನಮ್ಮ ವಿಷಯಕ್ಕೆ ಹತ್ತಿರವಾದ ಒಂದು ಸಂಗತಿಯೂ ಆ ಊರಿನ ಚರಿತ್ರೆಯಲ್ಲಿದೆ. ಕಿರ್ಲೋಸ್ಕರರು ರಾತ್ರಿ ಕಾವಲಿಗೆ ನೇಮಿಸಿಕೊಂಡವರಲ್ಲಿ ಜೈಲು ಶಿಕ್ಷೆ ಅನುಭವಿಸಿ ಬಂದವರಿದ್ದರು. ಕಳ್ಳನೆಂದು ಲೋಕ ಯಾರಿಗೆ ಹೆದರುತ್ತಿತ್ತೋ ಅವರ ಕೈಗೇ ಊರಿನ ಬೀಗವನ್ನು ಒಪ್ಪಿಸಿದ ಹಾಗಾಯಿತು. ಮುಂದೆ ಆಟಪಾಡಿಯಲ್ಲಿ ನಡೆದದ್ದಕ್ಕೆ ಈ ನೆಲದಲ್ಲಿ ಮೊದಲೇ ಬೀಜ ಬಿದ್ದಿತ್ತು ಎಂದು ನಾನು ಭಾವಿಸುತ್ತೇನೆ.

ಆ ಕಾಲದ ಸೆರೆಮನೆಗಳಲ್ಲಿ ಕೆಲಸಕ್ಕೇನೂ ಕೊರತೆಯಿರಲಿಲ್ಲ. ನಮ್ಮ ಹಿರಿಯರ ಬಾಯಲ್ಲಿ ಸಕ್ತಮಜೂರಿ ಎಂಬ ಮಾತು ಈಗಲೂ ಉಳಿದಿದೆ. 1894ರ ಸೆರೆಮನೆ ಕಾಯಿದೆಯ ಕೆಳಗೆ ಕೈದಿಗಳು ಗಾಣ ಎಳೆದರು, ಧಾನ್ಯ ಬೀಸಿದರು, ಕಲ್ಲು ಒಡೆದರು, ನಾರು ಹೊಸೆದರು. ಯೆರವಡೆಯಂಥ ದೊಡ್ಡ ಜೈಲುಗಳಲ್ಲಿ ಮಗ್ಗಗಳಿದ್ದವು. ಅಲ್ಲಿ ನೇಯ್ದ ಜಮಖಾನೆಗಳು ಹೆಸರುವಾಸಿಯಾಗಿದ್ದವು. ಶಿಕ್ಷೆಯ ಗುರಿ ಕೈದಿಯನ್ನು ತಿದ್ದುವುದಾಗಿರಬೇಕು ಎಂದು 1919-20ರ ಭಾರತೀಯ ಜೈಲು ಸಮಿತಿ ಹೇಳಿತಾದರೂ ದುಡಿತದ ಸ್ವರೂಪ ಬೇಗ ಬದಲಾಗಲಿಲ್ಲ. ಹೊಲ ಉಳುತ್ತಿದ್ದವನು ಹತ್ತು ಹದಿನಾಲ್ಕು ವರ್ಷ ಜಮಖಾನೆ ನೇಯ್ದು ಹೊರಬಂದರೆ ಅವನ ಊರಿನಲ್ಲಿ ಮಗ್ಗವಿಲ್ಲ. ಇದ್ದ ಹೊಲ ದಾಯಾದಿಗಳ ಪಾಲಾಗಿರುತ್ತದೆ. ಎತ್ತು ಹೂಡುವ ರೂಢಿಯೂ ತಪ್ಪಿರುತ್ತದೆ. ಉದ್ಯೋಗ ಕಲಿಸಿದರೂ ಅದು ಬದುಕಿಗೆ ಹೊಂದದೆ ಹೋಗುವುದೆಂದರೆ ಇದೇ.

ಈ ಕೊರತೆಗೆ ಔಂಧದಲ್ಲಿ ದೊರೆತ ಉತ್ತರದ ಹಿಂದೆ ಬೆಂಗಳೂರಿನ ನಂಟೊಂದಿದೆ. ವಾರ್ಸಾದಲ್ಲಿ 1901ರಲ್ಲಿ ಹುಟ್ಟಿದ ಯೆಹೂದಿ ಇಂಜಿನಿಯರ್ ಮೌರಿಸ್ ಫ್ರೀಡ್ಮನ್ ಅವರು ದಿವಾನ ಸರ್ ಮಿರ್ಜಾ ಇಸ್ಮಾಯಿಲರ ಆಹ್ವಾನದ ಮೇರೆಗೆ ಬೆಂಗಳೂರಿಗೆ ಬಂದು ಮೈಸೂರು ಸರಕಾರದ ವಿದ್ಯುತ್ ಸಾಮಗ್ರಿಗಳ ಕಾರಖಾನೆಯನ್ನು ನಡೆಸುತ್ತಿದ್ದರು. ರಮಣ ಮಹರ್ಷಿಗಳ ಸನ್ನಿಧಿಗೆ ಹೋದವರು. ಗಾಂಧೀಜಿಯವರಿಗಾಗಿ ಚರಕಗಳನ್ನು ಸುಧಾರಿಸಿಕೊಟ್ಟವರು. ಭಾರತಾನಂದ ಎಂಬ ಹೆಸರಿನಿಂದ ಕಾವಿ ತೊಟ್ಟವರು. ಬಾಳಾಸಾಹೇಬರ ಮಗ ಆಪಾಸಾಹೇಬ ಪಂತರಿಗೆ ಬೆಂಗಳೂರಿನಲ್ಲಿ ಇವರ ಸ್ನೇಹವಾಯಿತು. ಆ ಸ್ನೇಹವೇ ಇವರನ್ನು ಔಂಧಕ್ಕೆ ಕರೆತಂದಿತು. 1938ರಲ್ಲಿ ಎಪ್ಪತ್ತರ ಅರಸರು ತಮ್ಮ ಅಧಿಕಾರವನ್ನು ಪ್ರಜೆಗಳಿಗೆ ಒಪ್ಪಿಸುವುದಾಗಿ ಸಾರಿದರು. ಗಾಂಧೀಜಿಯವರ ಮಾರ್ಗದರ್ಶನದಲ್ಲಿ ಸಿದ್ಧವಾದ ಸ್ವರಾಜ್ಯದ ಘಟನೆ 1939ರ ಜನವರಿಯಲ್ಲಿ ಜಾರಿಗೆ ಬಂತು. ಹಳ್ಳಿಯ ಪಂಚಾಯತಿಯೇ ಆಡಳಿತಕ್ಕೆ ಬುನಾದಿಯಾಯಿತು.

ಅದೇ ವರ್ಷ ಆಟಪಾಡಿಯ ಬಳಿ ಸ್ವತಂತ್ರಪುರ ಹುಟ್ಟಿತು. ಯೋಚನೆ ಫ್ರೀಡ್ಮನ್ನರದು, ಅಪ್ಪಣೆ, ನೆಲ, ಹೊಣೆ ಅರಸರವು. ದೀರ್ಘ ಶಿಕ್ಷೆಗೊಳಗಾದ ಕೈದಿಗಳನ್ನು, ಕೊಲೆಯ ಅಪರಾಧಿಗಳೂ ಸೇರಿದಂತೆ, ಕೋಣೆಗಳಿಂದ ಹೊರತಂದು ಬಯಲಿನಲ್ಲಿ ನೆಲೆಗೊಳಿಸಲಾಯಿತು. ಸುತ್ತ ಗೋಡೆಯಿಲ್ಲ, ಕಾಲಿಗೆ ಬೇಡಿಯಿಲ್ಲ. ಮಾಡಬೇಕಾದ ಕೆಲಸ ಬೇಸಾಯ, ಎಂದರೆ ಅವರಲ್ಲಿ ಹೆಚ್ಚಿನವರಿಗೆ ಹುಟ್ಟಿನಿಂದ ಬಂದ ಕೆಲಸ. ಹೆಂಡತಿ ಮಕ್ಕಳು ಜೊತೆಯಲ್ಲಿ ಇರಬಹುದಾಗಿತ್ತು. ಅಪರಾಧ ಮಾಡಿದವನಿಂದ ಕಸಿದುಕೊಂಡದ್ದು ಊರಿಗೆ ಹೋಗುವ ಸ್ವಾತಂತ್ರ್ಯವನ್ನು ಮಾತ್ರ. ದುಡಿದು ಮನೆಯವರಿಗೆ ಉಣಿಸುವ ಹೊಣೆಯನ್ನಲ್ಲ. ಓಡಿಹೋಗಬಹುದಾದವನನ್ನು ತಡೆದು ನಿಲ್ಲಿಸುವ ಶಕ್ತಿ ಕಾವಲುಗಾರನ ಕೋವಿಗಿಂತ ಬಿತ್ತಿದ ಬೆಳೆಗೂ ಕಾದು ಕುಳಿತ ಮಕ್ಕಳಿಗೂ ಹೆಚ್ಚು ಎಂಬುದೇ ಈ ಯೋಜನೆಯ ಒಳಗುಟ್ಟು.

ಶಿಕ್ಷಕ ವೃತ್ತಿಯಲ್ಲಿ ಬದುಕು ಸವೆಸಿದ ನನಗೆ ಈ ಭಾಗವೇ ಹೆಚ್ಚು ನಾಟಿದೆ. ನಮ್ಮ ಬರದ ಸೀಮೆಯಲ್ಲಿ ಬದುವಿನ ತಂಟೆ, ಬಾವಿಯ ನೀರಿನ ತಂಟೆ ಒಮ್ಮೊಮ್ಮೆ ಕೊಡಲಿಯೇಟಿನವರೆಗೆ ಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ತಂದೆ ಜೈಲಿನಲ್ಲಿರುವ ಹುಡುಗರು ನನ್ನ ವರ್ಗಗಳಲ್ಲಿ ಕುಳಿತಿದ್ದರು. ಹಾಜರಿ ಪುಸ್ತಕಕ್ಕೆ ತಂದೆಯ ಉದ್ಯೋಗ ಕೇಳಿ ಬರೆಯುವ ದಿನ ಅವರು ತಲೆ ತಗ್ಗಿಸುತ್ತಿದ್ದರು. ಏಳನೆಯ ಇಯತ್ತೆ ಮುಗಿಯುವ ಮೊದಲೇ ಕೆಲವರು ಕಬ್ಬು ಕಡಿಯುವ ಗುಂಪಿನೊಂದಿಗೆ ಹೊರಟುಹೋದರು. ನ್ಯಾಯಾಲಯವು ಶಿಕ್ಷೆ ವಿಧಿಸಿದ್ದು ಅವರಿಗಲ್ಲ. ಆದರೂ ಶಿಕ್ಷೆಯ ಅರ್ಧ ಭಾರ ಅವರ ಹೆಗಲ ಮೇಲೆಯೇ ಬಿದ್ದಿತ್ತು. ಸ್ವತಂತ್ರಪುರದ ಗುಡಿಸಲಿನಲ್ಲಿ ಸಂಜೆ ತಂದೆಯೊಡನೆ ಕುಳಿತು ಉಣ್ಣುವ ಮಗುವಿನ ಪಾಡು ಬೇರೆ.

ಈ ಪ್ರಯೋಗದ ಹಿರಿಮೆ ತಿಳಿಯಬೇಕಾದರೆ ಅದೇ ಕಾಲದ ಸೊಲ್ಲಾಪುರದತ್ತ ನೋಡಬೇಕು. ಅಪರಾಧಿ ಬುಡಕಟ್ಟುಗಳ ಕಾಯಿದೆಯ ಹೆಸರಿನಲ್ಲಿ ಇಡೀ ಜಾತಿಗಳನ್ನೇ ಹುಟ್ಟುಗಳ್ಳರೆಂದು ಬರೆದಿಟ್ಟು, ತಂತಿಬೇಲಿಯೊಳಗೆ ಕೂಡಿ, ಹಾಜರಿ ತೆಗೆದುಕೊಂಡು, ಗಿರಣಿಯ ಕೆಲಸಕ್ಕೆ ಕಳುಹಿಸುತ್ತಿದ್ದರು. ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿಯೂ ಅಂಥ ವಸತಿಗಳಿದ್ದವು. ಸೊಲ್ಲಾಪುರದ ಆ ಭಾಗವನ್ನು ಜನ ಈಗಲೂ ಸೆಟಲ್‌ಮೆಂಟ್ ಎಂದೇ ಕರೆಯುತ್ತಾರೆ. ಅಲ್ಲಿಯೂ ಉದ್ಯೋಗವಿತ್ತು, ಕೂಲಿಯಿತ್ತು, ಶಾಲೆಯೂ ಇತ್ತು. ಯಾವ ತಪ್ಪನ್ನೂ ಮಾಡದವರು ಬೇಲಿಯೊಳಗೆ. ಕೊಲೆ ಮಾಡಿದವರು ಬಯಲಿನಲ್ಲಿ. ಎರಡಕ್ಕೂ ನಡುವೆ ಅಂತರ ನೂರು ಮೈಲು ಕೂಡ ಇರಲಿಲ್ಲ. ಆ ಕಾಯಿದೆ ರದ್ದಾದದ್ದು 1952ರಲ್ಲಿ.

ಬಾಳಾಸಾಹೇಬರನ್ನು ದೇವರ ಪೀಠದಲ್ಲಿ ಕೂರಿಸುವುದು ನನ್ನ ಉದ್ದೇಶವಲ್ಲ. ತಾವು ನಂಬಿದ ಸೂರ್ಯನಮಸ್ಕಾರವನ್ನು ಶಾಲೆಗಳಲ್ಲಿ ಕಡ್ಡಾಯ ಮಾಡಿದ ಹಟ ಅವರದು. ಹೊಸ ಘಟನೆಯಲ್ಲಿ ಮತ ಹಾಕಲು ಅಕ್ಷರ ಬರಬೇಕೆಂಬ ನಿಬಂಧನೆ ಇತ್ತು. ಅದು ಓದು ಬಾರದ ಬಡವರನ್ನು ಸ್ವಲ್ಪ ಕಾಲವಾದರೂ ಹೊರಗಿಟ್ಟಿರಬೇಕು. ಸ್ವತಂತ್ರಪುರಕ್ಕೆ ಬಂದವರು ಸಹ ಆಯ್ದ ಕೆಲವರೇ; ಹೆಣ್ಣು ಕೈದಿಗಳ ಪ್ರಶ್ನೆಗೆ ಅಲ್ಲಿ ಉತ್ತರವಿರಲಿಲ್ಲ. ಇಷ್ಟಾದರೂ ಒಬ್ಬ ಅರಸನು ತನ್ನ ಕೈಯಲ್ಲಿದ್ದ ದಂಡವನ್ನು ತಾನೇ ಸಡಿಲಿಸುವುದು ನಮ್ಮ ಚರಿತ್ರೆಯಲ್ಲಿ ದಿನವೂ ಕಾಣುವ ಸಂಗತಿಯಲ್ಲ.

1948ರ ಮಾರ್ಚಿನಲ್ಲಿ ಔಂಧ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಎಷ್ಟೋ ಸಂಸ್ಥಾನಗಳ ಒಳ್ಳೆಯ ಕೆಲಸಗಳು ವಿಲೀನದೊಡನೆ ಕಣ್ಮರೆಯಾದವು. ಸ್ವತಂತ್ರಪುರ ಮಾತ್ರ ಸರಕಾರದ ಕೈಗೆ ದಾಟಿ ಉಳಿಯಿತು. ಬಾಳಾಸಾಹೇಬರು 1951ರ ಏಪ್ರಿಲ್ 13ರಂದು ತೀರಿಕೊಂಡರು. ಅವರ ನಂತರ, 1952ರಿಂದೀಚೆಗೆ ಉತ್ತರ ಪ್ರದೇಶದಲ್ಲಿ ಡಾ. ಸಂಪೂರ್ಣಾನಂದರು ಕೈದಿಗಳ ಬಯಲು ಶಿಬಿರಗಳನ್ನು ತೆರೆದರು. 1963ರಲ್ಲಿ ರಾಜಸ್ಥಾನದ ಸಾಂಗಾನೇರದಲ್ಲಿ ಬಯಲು ಬಂದೀಖಾನೆ ನಿಂತಿತು. ನ್ಯಾಯಮೂರ್ತಿ ಮುಲ್ಲಾ ಅವರ ಸಮಿತಿ 1983ರಲ್ಲಿ ಇಂಥವು ಹೆಚ್ಚಬೇಕೆಂದು ಶಿಫಾರಸು ಮಾಡಿತು. ಕೈದಿಯ ದುಡಿತಕ್ಕೆ ನ್ಯಾಯವಾದ ಕೂಲಿ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 1998ರಲ್ಲಿ.

ಈ ಕಥೆ ದೇಶಕ್ಕೆಲ್ಲ ತಿಳಿದದ್ದು ಸಿನೆಮಾದಿಂದ. ಆಟಪಾಡಿ ತಾಲೂಕಿನ ಶೇಟಫಳೆಯಲ್ಲಿ ಹುಟ್ಟಿ ಔಂಧದಲ್ಲಿ ಓದಿದ ಕವಿ ಗ. ದಿ. ಮಾಡಗೂಳಕರರು ಬರೆದ ಕಥೆಯನ್ನು ವ್ಹಿ. ಶಾಂತಾರಾಮರು 1957ರಲ್ಲಿ ‘ದೋ ಆಂಖೇ ಬಾರಹ ಹಾಥ್’ ಎಂಬ ಚಿತ್ರವಾಗಿ ತೆಗೆದರು. ಆರು ಕೈದಿಗಳ, ಒಬ್ಬ ಜೈಲರನ ಆ ಚಿತ್ರಕ್ಕೆ ಮರುವರ್ಷ ಬರ್ಲಿನ್ನಿನಲ್ಲಿ ರಜತ ಕರಡಿ ಪ್ರಶಸ್ತಿ ಬಂತು. ಚಿತ್ರವನ್ನು ನೋಡದ ಹಿರಿಯರು ನಮ್ಮಲ್ಲಿ ವಿರಳ. ಅದರ ಮೂಲ ನಮ್ಮದೇ ಜಿಲ್ಲೆಯಲ್ಲಿದೆ ಎಂದು ಬಲ್ಲವರು ಇನ್ನೂ ವಿರಳ. ಮಹಾರಾಷ್ಟ್ರ ಸರಕಾರದ ಸೆರೆಮನೆಗಳ ಪಟ್ಟಿಯಲ್ಲಿ ಸ್ವತಂತ್ರಪುರದ ಹೆಸರು ಇಂದಿಗೂ ಇದೆ, ಖುಲಾ ವಸಾಹತ ಎಂಬ ವಿಶೇಷಣದೊಡನೆ. ಅಲ್ಲಿ ಕೈದಿಗಳು ಮನೆಯವರೊಡನೆ ನೆಲೆಸಿ ಬೇಸಾಯ ಮಾಡುತ್ತಾರೆ.